ಅಂಗೈಯಗಲದ ಗಾಸ್‌ಮೀಟರ್: ಅಂಕಿಯನ್ನು ನಂಬಬಹುದು, ಕೆಂಪು ದೀಪವನ್ನಲ್ಲ

ವಿದ್ಯುತ್ ತಂತಿಗಳ ಸುತ್ತಲಿನ ಕಾಂತಕ್ಷೇತ್ರವನ್ನು ಮನೆಯಲ್ಲೇ ಅಳೆಯಲೆಂದು ಮಾರುವ, ಮೂರು ಅಕ್ಷಗಳ (ಮೂರೂ ದಿಕ್ಕುಗಳಲ್ಲಿ ಒಟ್ಟಿಗೆ ಅಳೆಯುವ) ಗಾಸ್‌ಮೀಟರ್ ಒಂದನ್ನು ಕೆಲಕಾಲ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಅಳತೆಯ ಮಟ್ಟಿಗೆ ಇದು ಒಳ್ಳೆಯ ಉಪಕರಣ. ಒಂದೇ ಅಕ್ಷದ ಅಗ್ಗದ ಮೀಟರುಗಳಲ್ಲಿ ಹಿಡಿದ ಕೋನ ಬದಲಾದಂತೆ ಅಂಕಿಯೂ ಬದಲಾಗುತ್ತದೆ. ಇದರಲ್ಲಿ ಆ ತೊಂದರೆಯಿಲ್ಲ. ಓಡುತ್ತಿರುವ ಹೇರ್ ಡ್ರೈಯರಿನ ಪಕ್ಕದಲ್ಲಿ ಹತ್ತಾರು ಮೈಕ್ರೊಟೆಸ್ಲಾ (ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ) ತೋರಿಸಿದ ಮೀಟರು ಒಂದು ಮೀಟರ್ ದೂರ ಸರಿದೊಡನೆ ಬಹುತೇಕ ಸೊನ್ನೆಗೆ ಇಳಿಯಿತು. ಹೈಟೆನ್ಷನ್ ತಂತಿಯ ಕೆಳಗೆ ಸಂಜೆಯ ಅಂಕಿ ಮಧ್ಯಾಹ್ನದ್ದಕ್ಕಿಂತ ಹೆಚ್ಚಿತ್ತು. ಕಾಂತಕ್ಷೇತ್ರದ ಬಲ ವೋಲ್ಟೇಜನ್ನಲ್ಲ, ತಂತಿಯಲ್ಲಿ ಆ ಹೊತ್ತಿಗೆ ಹರಿಯುವ ಕರೆಂಟನ್ನು ಅವಲಂಬಿಸಿರುವುದರಿಂದ ಇದು ನಿರೀಕ್ಷಿತವೇ.

ನನ್ನ ಆಕ್ಷೇಪವಿರುವುದು ಕೆಂಪು ದೀಪದ ಬಗ್ಗೆ. ಅಂಕಿ 0.4 ಮೈಕ್ರೊಟೆಸ್ಲಾ ದಾಟಿದ ಕ್ಷಣವೇ ಅದು ಹೊತ್ತಿಕೊಳ್ಳುತ್ತದೆ, ಕೈಪಿಡಿ ಅದನ್ನು ‘ಅಪಾಯ’ ಎನ್ನುತ್ತದೆ. 2000ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮನೆಯಲ್ಲಿ ಸರಾಸರಿ 0.4 ಮೈಕ್ರೊಟೆಸ್ಲಾ ಅಥವಾ ಅದಕ್ಕಿಂತ ಹೆಚ್ಚಿನ ಕ್ಷೇತ್ರವಿದ್ದ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಸುಮಾರು ಎರಡು ಪಟ್ಟು ಕಂಡುಬಂದಿತ್ತು ಎಂಬುದು ನಿಜ. ಆದರೆ ಅಷ್ಟು ಕ್ಷೇತ್ರವಿದ್ದ ಮನೆಗಳ ಮಕ್ಕಳು ಆ ಅಧ್ಯಯನಗಳಲ್ಲಿ ಶೇಕಡಾ ಒಂದಕ್ಕಿಂತಲೂ ಕಡಿಮೆ. ಅಧ್ಯಯನಕ್ಕೆ ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬುದರಿಂದಲೂ ಈ ವ್ಯತ್ಯಾಸದ ಒಂದು ಭಾಗ ಹುಟ್ಟಿರಬಹುದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ಈ ಕ್ಷೇತ್ರಗಳನ್ನು ‘ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯಿದೆ’ ಎಂಬ 2ಬಿ ಗುಂಪಿಗೆ ಸೇರಿಸಿತು. ಕಾರಣ–ಪರಿಣಾಮದ ಸಂಬಂಧವಿದೆಯೆನ್ನಲು ಪುರಾವೆ ಸಾಲದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ತೀವ್ರ ಕ್ಷೇತ್ರವು ನರಗಳ ಮೇಲೆ ಒಡನೆಯೇ ಬೀರುವ ಪರಿಣಾಮವನ್ನು ಆಧರಿಸಿ 2010ರಲ್ಲಿ ಸಾರ್ವಜನಿಕರಿಗೆ ಸೂಚಿಸಲಾದ ಅಂತರರಾಷ್ಟ್ರೀಯ ಮಿತಿಯಂತೂ ನಮ್ಮ ಮನೆಗಳ ವಿದ್ಯುತ್ತಿನ ಆವರ್ತನವಾದ 50 ಹರ್ಟ್ಸ್‌ನಲ್ಲಿ 200 ಮೈಕ್ರೊಟೆಸ್ಲಾ. ಇಷ್ಟನ್ನೂ ಮುಚ್ಚಿಟ್ಟು ಕ್ಷಣಮಾತ್ರದ ಅಂಕಿಗೆ ಕೆಂಪು ದೀಪ ಹೊತ್ತಿಸುವುದು, ಮಗುವಿನ ಮಂಚದ ಬಳಿ ಮೀಟರು ಹಿಡಿದು ನಿಂತ ತಾಯಿತಂದೆಯರಿಗೆ ಮಾಡುವ ಅನ್ಯಾಯ.

ಪೆಟ್ಟಿಗೆಯಲ್ಲಿ ‘ರಕ್ಷಣಾ ಸ್ಟಿಕ್ಕರ್’ ಕೂಡ ಇದೆ. ಅದನ್ನು ಅಂಟಿಸಿದ ಮೇಲೂ ಅಂಕಿ ಕದಲಲಿಲ್ಲ. ಗೋಡೆಯನ್ನೇ ದಾಟಿ ಬರುವ ಕಾಂತಕ್ಷೇತ್ರಕ್ಕೆ ಕಾಗದ ಒಂದು ತಡೆಯೇನೂ ಅಲ್ಲ.

ಕೊಳ್ಳಬೇಕೆನ್ನುವವರು 24 ಗಂಟೆಗಳ ಸರಾಸರಿಯನ್ನು ದಾಖಲಿಸಬಲ್ಲ ಮಾದರಿಯನ್ನೇ ಆರಿಸಿಕೊಳ್ಳಲಿ, ಏಕೆಂದರೆ ಅಧ್ಯಯನಗಳ ಅಂಕಿಯೊಡನೆ ಹೋಲಿಸಲು ತಕ್ಕದ್ದು ಸರಾಸರಿಯೇ. ಈ ಮಾದರಿಯಲ್ಲಿ ಆ ಸೌಲಭ್ಯವಿಲ್ಲ.