ಎಲ್‌ಎಲ್ ಪರೀಕ್ಷೆಗೆ ಪುಸ್ತಕವಾ, ಮೊಬೈಲಾ, ಡ್ರೈವಿಂಗ್ ಸ್ಕೂಲಾ?

ದಾವಣಗೆರೆ ಆರ್‌ಟಿಒದಲ್ಲಿ ಎಲ್‌ಎಲ್ (ಗಾಡಿ ಕಲಿಯುವವರ ಲೈಸೆನ್ಸ್) ಪರೀಕ್ಷೆ ಬರೆಯಬೇಕು, ಹೇಗೆ ತಯಾರಾಗಲಿ ಎಂದು ಕೇಳಿದ್ದೀರಿ.

ಖರ್ಚು ನೋಡಿದರೆ ಮೊಬೈಲೇ ಸಲೀಸು. ಲೈಸೆನ್ಸಿಗೆ ಅರ್ಜಿ ಹಾಕುವ ಸರ್ಕಾರಿ ವೆಬ್‌ಸೈಟ್ ಸಾರಥಿಯಲ್ಲಿ ಮಾದರಿ ಪರೀಕ್ಷೆ ಉಚಿತ. ಪುಸ್ತಕಕ್ಕೆ ಸ್ವಲ್ಪ ದುಡ್ಡು ಬೇಕು. ಡ್ರೈವಿಂಗ್ ಸ್ಕೂಲಿಗೆ ಜಾಸ್ತಿ, ಆದರೆ ಅದರಲ್ಲಿ ಗಾಡಿ ಕಲಿಸುವುದೂ ಸೇರಿರುತ್ತದೆ. ಬರೀ ಥಿಯರಿಗೆ ಅಂತ ಅಲ್ಲಿಗೆ ಸೇರಬೇಡಿ.

ಚಿಹ್ನೆಗಳ ವಿಷಯಕ್ಕೆ ಬಂದರೆ ನನಗೆ ಪುಸ್ತಕವೇ ಇಷ್ಟ. ಕೆಂಪು ಅಂಚಿನ ದುಂಡು ಫಲಕ ಅಂದರೆ ಪಾಲಿಸಲೇಬೇಕಾದ ಆಜ್ಞೆ, ತ್ರಿಕೋನ ಅಂದರೆ ಎಚ್ಚರಿಕೆ, ನೀಲಿ ಚೌಕ ಅಂದರೆ ಮಾಹಿತಿ. ಇವನ್ನೆಲ್ಲ ಒಂದೇ ಪುಟದಲ್ಲಿ ಪಕ್ಕಪಕ್ಕ ನೋಡಿದರೆ ವ್ಯತ್ಯಾಸ ಬೇಗ ಮನಸ್ಸಿಗೆ ಹತ್ತುತ್ತದೆ. ಮೊಬೈಲಿನಲ್ಲಿ ಒಂದೊಂದೇ ಬರುತ್ತದೆ, ಸುಮ್ನೆ ಉತ್ತರ ಬಾಯಿಪಾಠ ಆಗುವ ಭಯ. ಆದರೆ ಹಳೇ ಪುಸ್ತಕ ಮಾತ್ರ ಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ದಂಡದ ಮೊತ್ತಗಳು ಬದಲಾಗಿವೆ.

ಪರೀಕ್ಷೆ ಕಂಪ್ಯೂಟರಿನಲ್ಲಿ, ಗಡಿಯಾರ ಓಡುತ್ತಿರುತ್ತದೆ. ಆ ಅಭ್ಯಾಸ ಮೊಬೈಲಿನಲ್ಲೇ ಆಗಬೇಕು. ಪರದೆ ಕಂಡರೆ ಗಾಬರಿಯಾಗುವ ಅಪ್ಪ, ಅಮ್ಮನಿಗೆ ಮಾತ್ರ ಡ್ರೈವಿಂಗ್ ಸ್ಕೂಲಿನವರು ಎದುರಿಗೆ ಕೂರಿಸಿ ಹೇಳಿಕೊಡುವುದೇ ವಾಸಿ. ಸರ್ಕಲ್‌ನಲ್ಲಿ ಬಲಗಡೆಯಿಂದ ಬರುವವರಿಗೆ ಯಾಕೆ ದಾರಿ ಬಿಡಬೇಕು ಎಂಬುದು ಹಾಗೆ ಕೇಳಿದರೇ ಅರ್ಥವಾಗೋದು, ಅಲ್ವಾ?

ಫೇಲಾದರೆ ಮರುಪರೀಕ್ಷೆಯ ಶುಲ್ಕ ದೊಡ್ಡದಲ್ಲ. ಜಗಳೂರಿನಿಂದ ಕೂಲಿ ಬಿಟ್ಟು ಬರುವವರಿಗೆ ಹೋದ ದಿನವೇ ನಷ್ಟ. ಅಂಥವರು ಪುಸ್ತಕ ಓದಿ, ಮೇಲೆ ಮಾದರಿ ಪರೀಕ್ಷೆಯನ್ನೂ ಮಾಡಿಕೊಂಡು ಬನ್ನಿ. ಊರಲ್ಲೇ ಇರುವ ಕಾಲೇಜು ಹುಡುಗರಿಗೆ ಮೊಬೈಲೊಂದೇ ಸಾಕು.