ಮೌಂಜಾರೋ, ಒಂದು ವರ್ಷದ ಮೇಲೆ: ಹಸಿವು ಹೋಯಿತು, ಬಡಿಸುವವರು ಬಿಡಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ತೂಕ ಇಳಿಸೋಕೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಈ ಔಷಧಿ ಕೆಲಸ ಮಾಡುತ್ತದೆ. 88 ಕೆಜಿ ಇದ್ದವಳು ಈಗ 75ರ ಆಸುಪಾಸಿನಲ್ಲಿದ್ದೇನೆ. ಸಕ್ಕರೆ ಕಾಯಿಲೆಯ ಗಡಿಯಲ್ಲಿದ್ದ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ, 6.3ರಿಂದ 5.5ಕ್ಕೆ ಇಳಿದಿದೆ. ಅಷ್ಟು ಗೊತ್ತಾದರೆ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ತಿಂಗಳು ತಿಂಗಳು ಇಷ್ಟು ದುಡ್ಡು ಸುರಿಯುವ ಮುಂಚೆ ಉಳಿದದ್ದನ್ನೂ ಓದಿಬಿಡಿ.

ನನಗೆ 46 ವಯಸ್ಸು, ಊರು ಮೈಸೂರು, ಕೂತು ಮಾಡುವ ಬ್ಯಾಂಕ್ ಕೆಲಸ. ಮೌಂಜಾರೋ ನಮ್ಮ ದೇಶಕ್ಕೆ 2025ರ ಮಾರ್ಚ್‌ನಲ್ಲಿ ಬಂತು, ಆಗ ಬರೀ ಸಣ್ಣ ಬಾಟಲಿ. ವಾರಕ್ಕೊಂದು ಬಾಟಲಿ, ಸಿರಿಂಜ್‌ನಲ್ಲಿ ಎಳೆದು ನಾವೇ ಚುಚ್ಚಿಕೊಳ್ಳಬೇಕು. ನಾನು ಶುರು ಮಾಡಿದ್ದು ಹಾಗೆಯೇ. ಇಲ್ಲೊಂದು ಎಚ್ಚರಿಕೆ: ಔಷಧಿ ಅಂಗಡಿಯಲ್ಲಿ ಇನ್ಸುಲಿನ್ ಸಿರಿಂಜ್ ಕೇಳಿದರೆ ಕೆಂಪು ಮುಚ್ಚಳದ 40 ಯೂನಿಟ್‌ನದು ಕೊಡಬಹುದು, ಕಿತ್ತಳೆ ಮುಚ್ಚಳದ 100 ಯೂನಿಟ್‌ನದೂ ಕೊಡಬಹುದು. ಒಂದು ಡೋಸ್ ಅಂದರೆ ಅರ್ಧ ಎಂಎಲ್ ಔಷಧಿ, ಅದು ಕೆಂಪಿನದರಲ್ಲಿ 20ನೇ ಗೆರೆ, ಕಿತ್ತಳೆಯದರಲ್ಲಿ 50ನೇ ಗೆರೆ. ಯಾವುದು ಅಂತ ಡಾಕ್ಟರ ಹತ್ತಿರವೇ ತೋರಿಸಿಕೊಂಡು ಬನ್ನಿ. ಆ ವರ್ಷ ಆಗಸ್ಟ್‌ನಲ್ಲಿ ಪೆನ್ ಬಂದ ಮೇಲೆ ಈ ತಲೆನೋವು ತಪ್ಪಿತು. ಒಂದು ಪೆನ್ನಿನಲ್ಲಿ ನಾಲ್ಕು ಡೋಸ್, ಅಂದರೆ ಒಂದು ತಿಂಗಳು. ಕೊನೆಗೆ ಒಳಗೆ ಸ್ವಲ್ಪ ಔಷಧಿ ಉಳಿದಿರುತ್ತದೆ, ಅದನ್ನು ಸಿರಿಂಜ್ ಹಾಕಿ ಎಳೆದು ಐದನೇ ಡೋಸ್ ಮಾಡಿಕೊಳ್ಳುವ ಜಾಣರಿದ್ದಾರೆ. ದಯವಿಟ್ಟು ಬೇಡ. ಎಷ್ಟು ಹೋಯಿತು ಅನ್ನುವ ಲೆಕ್ಕವೂ ಸಿಗಲ್ಲ, ನಂಜಾದರೆ ಅದು ಬೇರೆ ಗೋಳು.

ಚುಚ್ಚುವ ನೋವು? ಏನೂ ಇಲ್ಲ. ಸೊಳ್ಳೆ ಕಚ್ಚಿದ್ದು ಇದಕ್ಕಿಂತ ಜಾಸ್ತಿ.

ಇದು ಹೇಗೆ ಕೆಲಸ ಮಾಡುತ್ತದೆ ಅಂದರೆ, ಊಟ ಮಾಡಿದಾಗ ನಮ್ಮ ಕರುಳಿನಿಂದ ಜಿಎಲ್‌ಪಿ-1, ಜಿಐಪಿ ಅನ್ನುವ ಎರಡು ಹಾರ್ಮೋನು ಬರುತ್ತವೆ, ಇದರೊಳಗಿನ ಟಿರ್ಜೆಪಟೈಡ್ ಆ ಎರಡರ ಹಾಗೆಯೂ ನಟಿಸುತ್ತದೆ. ಹೊಟ್ಟೆ ನಿಧಾನಕ್ಕೆ ಖಾಲಿಯಾಗುತ್ತದೆ, ಮೆದುಳಿಗೆ ಸಾಕು ಅನ್ನುವ ಸುದ್ದಿ ಬೇಗ ಹೋಗುತ್ತದೆ. ತೂಕ ಇಳಿಸುವ ಇನ್ನೊಂದು ಇಂಜೆಕ್ಷನ್ ವಿಗೋವಿಯಲ್ಲಿರುವ ಸೆಮಾಗ್ಲುಟೈಡ್ ಜಿಎಲ್‌ಪಿ-1ರ ಕೆಲಸವನ್ನಷ್ಟೇ ಮಾಡುತ್ತದೆ. ಓದುವುದಕ್ಕೆ ಇಷ್ಟೇ. ಅನುಭವಕ್ಕೆ ಬಂದಾಗ ಮಾತ್ರ ವಿಚಿತ್ರ ಅನ್ನಿಸಿತು. ಹನ್ನೊಂದು ಗಂಟೆಗೆ ಕ್ಯಾಂಟೀನಿನಿಂದ ಒಗ್ಗರಣೆ ವಾಸನೆ ಬಂದರೆ ಮೊದಲೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಈಗ ವಾಸನೆ ಬರುತ್ತದೆ, ಚೆನ್ನಾಗಿದೆ ಅನ್ನಿಸುತ್ತದೆ, ಕೆಲಸ ಮುಂದುವರಿಯುತ್ತದೆ. ಬೇರೆ ಜನ ಇಷ್ಟು ದಿನ ಹೀಗೇ ಇದ್ದರಾ? ನನ್ನನ್ನು ನೋಡಿ 'ಬಾಯಿ ಕಟ್ಟೋಕಾಗಲ್ವಾ' ಅಂತ ಕೇಳುತ್ತಿದ್ದವರಿಗೆ ಕಟ್ಟುವ ಕಷ್ಟವೇ ಇರಲಿಲ್ಲ ಅಂತ ಆಗ ಗೊತ್ತಾಗಿ ಸ್ವಲ್ಪ ಸಿಟ್ಟೂ ಬಂತು.

ಆದರೆ ನಮ್ಮ ಕಡೆ ಹಸಿವಾದಾಗ ಮಾತ್ರ ಊಟ ಅಂತೆಲ್ಲಿದೆ? ಯಾರ ಮನೆಗೆ ಹೋದರೂ ತಟ್ಟೆ ಮುಂದೆ ಬರುತ್ತದೆ. ಅರಿಶಿನ ಕುಂಕುಮಕ್ಕೆ ಕರೆದರೆ ಕೋಸಂಬರಿಯ ಜೊತೆ ಬೋಂಡ. ಮದುವೆ ಮನೆಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ತುಪ್ಪ ಸುರಿಯುವವರಿದ್ದಾರೆ. ನಮ್ಮ ಚಿಕ್ಕಮ್ಮನಂತೂ 'ಒಂದೇ ಒಂದು ಹೋಳಿಗೆ ಕಣೇ, ನನ್ನಾಣೆ' ಅಂತ ಹಾಕಿಯೇ ಬಿಟ್ಟರು. ಈ ಔಷಧಿಯ ಮೇಲೆ ಆ ಒಂದು ಹೋಳಿಗೆ ಜಾಸ್ತಿಯಾದರೆ ಏನಾಗುತ್ತದೆ ಅಂತ ಅವರಿಗೆ ಹೇಗೆ ಹೇಳಲಿ? ರಾತ್ರಿಯವರೆಗೂ ಗಂಟಲಲ್ಲೇ ಕೂತಿರುತ್ತದೆ, ಕೊಳೆತ ಮೊಟ್ಟೆಯ ನಾತದ ತೇಗು ಬರುತ್ತದೆ. ಮದ್ದೂರು ವಡೆಯದೂ ಅದೇ ಕಥೆ. ಇಂಜೆಕ್ಷನ್ ವಿಷಯ ಎಲ್ಲರಿಗೂ ಹೇಳೋಕೆ ಇಷ್ಟವಿಲ್ಲ, ಹಾಗಾಗಿ 'ಗ್ಯಾಸ್ಟ್ರಿಕ್' ಅಂತೀನಿ. ಗ್ಯಾಸ್ಟ್ರಿಕ್ ಅಂದರೆ ನಮ್ಮ ಜನ ತಕ್ಷಣ ಒಪ್ಪುತ್ತಾರೆ, ಜೊತೆಗೆ ಜೀರಿಗೆ ಕಷಾಯದ ಸಲಹೆ ಫ್ರೀ.

ಶುಕ್ರವಾರ ಚುಚ್ಚಿಕೊಳ್ಳುತ್ತಿದ್ದೆ. ಮೊದಲ ಎರಡು ದಿನ ವಾಕರಿಕೆ ಜಾಸ್ತಿ ಇರುತ್ತಿದ್ದರಿಂದ ಭಾನುವಾರದ ಸಮಾರಂಭಗಳೆಲ್ಲ ಹಾಳು. ಎರಡು ಡೋಸ್ ನಡುವೆ ಕನಿಷ್ಠ ಮೂರು ದಿನ ಇದ್ದರೆ ವಾರ ಬದಲಾಯಿಸಬಹುದು ಅಂತ ಡಾಕ್ಟರು ಹೇಳಿದ ಮೇಲೆ ಸೋಮವಾರಕ್ಕೆ ಹಾಕಿಕೊಂಡೆ. ಲಗ್ನದ ಸೀಸನ್‌ನಲ್ಲಿ ಅದೊಂದೇ ದೊಡ್ಡ ಉಪಕಾರ.

ಮಲಬದ್ಧತೆ ಇನ್ನೂ ಇದೆ, ಇಸಬ್‌ಗೋಲ್ ಮನೆಯ ಸಾಮಾನಾಗಿದೆ. ಕೂದಲು ಉದುರಿತು. ತೂಕ ಬೇಗ ಇಳಿದರೆ ಯಾರಿಗಾದರೂ ಹಾಗಾಗಬಹುದು, ಈಗ ಕಡಿಮೆಯಾಗಿದೆ. ಅದಕ್ಕಿಂತ ದೊಡ್ಡ ವಿಷಯ ಮಾಂಸಖಂಡ. ಹಸಿವಿಲ್ಲ ಅಂತ ಎರಡು ಇಡ್ಲಿ ತಿಂದು ದಿನ ದೂಡಿದರೆ ಕೊಬ್ಬಿನ ಜೊತೆ ಅದೂ ಕರಗುತ್ತದೆ. ಈಗ ತಟ್ಟೆಯಲ್ಲಿ ಮೊದಲು ಮೊಟ್ಟೆ ಅಥವಾ ಹೆಸರುಕಾಳಿನ ಉಸಲಿ, ಮೊಸರು, ಜಾಗ ಉಳಿದರೆ ಅನ್ನ. ಹಸಿವಿಲ್ಲದಿದ್ದರೂ ಗಡಿಯಾರ ನೋಡಿಕೊಂಡು ತಿನ್ನಬೇಕು. ಇಷ್ಟು ವರ್ಷ ತಿನ್ನಬೇಡ ಅಂತ ಬೈಸಿಕೊಂಡವಳಿಗೆ ಈಗ ತಿನ್ನು ಅಂತ ಬೈಗುಳ, ಎಂಥಾ ಯೋಗ ನೋಡಿ.

ಗರ್ಭನಿರೋಧಕ ಮಾತ್ರೆ ನುಂಗುವ ಹೆಣ್ಣುಮಕ್ಕಳು ಡಾಕ್ಟರಿಗೆ ಮೊದಲೇ ಹೇಳಿ, ಈ ಔಷಧಿ ಶುರು ಮಾಡಿದಾಗ ಮತ್ತು ಡೋಸ್ ಏರಿಸಿದಾಗ ಆ ಮಾತ್ರೆಯನ್ನೇ ನಂಬುವಂತಿಲ್ಲ. ಮನೆಯಲ್ಲಿ ಯಾರಿಗಾದರೂ ಮೆಡುಲರಿ ಅನ್ನುವ ಅಪರೂಪದ ಬಗೆಯ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಇದರ ತಂಟೆಗೇ ಹೋಗಬೇಡಿ. ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತದ ಹಳೇ ಕಥೆ ಇದ್ದರೂ ಮುಚ್ಚಿಡಬೇಡಿ.

ಒಂದು ದೂರು ಇದೆ. ಒಂದು ಸಲ ಏಪ್ರಿಲ್ ಬಿಸಿಲಿನಲ್ಲಿ ಅಂಗಡಿಯವರು ಪೆನ್ನನ್ನು ಸುಮ್ನೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮನೆಗೆ ಕಳಿಸಿದರು. ಐಸ್ ಇಲ್ಲ, ಏನಿಲ್ಲ. ಇದನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೊರಗಿಟ್ಟರೂ 30 ಡಿಗ್ರಿ ದಾಟಬಾರದು. ವಾಪಸ್ ಕಳಿಸಿದೆ, ಜಗಳವಾಯಿತು, ಅಂಗಡಿ ಬದಲಾಯಿಸಿದೆ. ಹಾಗಂತ ಫ್ರೀಜರ್ ಒಳಗೆ ಇಡೋಕೆ ಹೋಗಬೇಡಿ, ಹೆಪ್ಪುಗಟ್ಟಿದರೆ ಎಸೆಯಬೇಕು.

ಇನ್ನು ದುಡ್ಡು. ಪೆನ್ ಬಂದಾಗ ತಿಂಗಳಿಗೆ ಶುರುವಿನ 2.5 ಎಂಜಿ ಡೋಸ್‌ಗೆ 14,000 ರೂಪಾಯಿ, ಮೇಲಿನ ಡೋಸ್‌ಗೆ 27,500ರವರೆಗೆ ಇತ್ತು. ನನ್ನ ಆರೋಗ್ಯ ವಿಮೆ ಒಂದು ಪೈಸೆ ಕೊಡಲ್ಲ. 15 ಎಂಜಿಯಲ್ಲಿ 72 ವಾರಕ್ಕೆ ಸರಾಸರಿ ಶೇ. 20ರಷ್ಟು ತೂಕ ಇಳಿದಿದ್ದು 2022ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿದೆ, ಆದರೆ ನಾನು 7.5ರಲ್ಲೇ ನಿಂತಿದ್ದೇನೆ. ಇಳಿಯುತ್ತಿರುವಾಗ ಏರಿಸುವುದು ಯಾಕೆ ಅಂದರು ಡಾಕ್ಟರು, ಜೇಬಿಗೂ ಅದೇ ಸರಿ. ಮಗಳ ಕಾಲೇಜು ಫೀಸು ಬಂದಾಗ ಸ್ವಲ್ಪ ಕಾಲ ಬಿಟ್ಟಿದ್ದೆ. ಮೂರನೇ ವಾರಕ್ಕೆ ಹಳೇ ಹಸಿವು ಹಾಗೇ ವಾಪಸ್, ರಾತ್ರಿ ಹತ್ತಕ್ಕೆ ಖಾರದ ಡಬ್ಬಿ ಹುಡುಕುವುದೂ ವಾಪಸ್. ಮತ್ತೆ ಶುರು ಮಾಡುವಾಗ ಕಡಿಮೆ ಡೋಸ್‌ನಿಂದಲೇ ಬರಬೇಕಾಯಿತು. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿದ್ದು ದಾಖಲಾಗಿದೆ. ಅಂದರೆ 'ಆರು ತಿಂಗಳು ಹಾಕಿಕೊಂಡು ಬಿಟ್ಟುಬಿಡ್ತೀನಿ' ಅನ್ನುವ ಲೆಕ್ಕ ಹಾಕಿದ್ದರೆ ಶುರು ಮಾಡುವ ಮೊದಲೇ ಯೋಚಿಸಿ. ಬಿಪಿ ಮಾತ್ರೆಯ ಥರ ವರ್ಷಗಟ್ಟಲೆ ಖರ್ಚು ಇದು.

ಸೆಮಾಗ್ಲುಟೈಡ್ ಪೇಟೆಂಟ್ ನಮ್ಮ ದೇಶದಲ್ಲಿ 2026ರ ಮಾರ್ಚ್‌ನಲ್ಲಿ ಮುಗಿದು ಬೇರೆ ಕಂಪನಿಗಳೂ ಮಾಡುವಂತಾದ ಮೇಲೆ ಅದಕ್ಕೆ ಬದಲಾಯಿಸುತ್ತೀಯಾ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ನನಗೆ ಇದು ಒಗ್ಗಿದೆ, ಸದ್ಯಕ್ಕೆ ಬದಲಾಯಿಸಲ್ಲ. ಹೊಸಬರಾದರೆ ಎರಡರ ಬೆಲೆಯನ್ನೂ ಡಾಕ್ಟರ ಮುಂದೆ ಇಟ್ಟು ಕೇಳಿ. ಜಿಮ್‌ನಲ್ಲಿ, ಪಾರ್ಲರ್‌ನಲ್ಲಿ ಅರ್ಧ ಬೆಲೆಗೆ ಕೊಡ್ತೀವಿ ಅಂದರೆ ಬಿಲ್ ಕೇಳಿ, ಅಲ್ಲಿಗೆ ಮಾತು ಮುಗಿಯುತ್ತದೆ.

ಔಷಧಿಗೆ ನಾಲ್ಕೂವರೆ ಸ್ಟಾರ್, ಬೆಲೆಗೆ ಎರಡು. ಚಿಕ್ಕಮ್ಮನ ಹೋಳಿಗೆಗೆ ಐದು, ಅರ್ಧ ತಿಂದರೂ.