ದೊಡ್ಡಮ್ಮನ ತಲೆಯಲ್ಲಿ ಎರಡೂ ಕಡೆ ಅನ್ಯೂರಿಸಂ (ರಕ್ತನಾಳದ ಗೋಡೆ ಬಲೂನಿನ ಹಾಗೆ ಉಬ್ಬೋದು): ಮುಂಬೈನ ಒಂದು ನ್ಯೂರೋಸರ್ಜರಿ ವಿಭಾಗದ ರಿವ್ಯೂ

5ಕ್ಕೆ 4 ಸ್ಟಾರ್. ಟ್ರಸ್ಟ್ ಆಸ್ಪತ್ರೆ, ಕೆಲವು ದೂರುಗಳೂ ಇರೋದ್ರಿಂದ ಹೆಸರು ಹಾಕ್ತಿಲ್ಲ, ಆದ್ರೆ ಮನೇಲಿ ಇಂಥ ಕಷ್ಟ ಬಂದೋರಿಗೆ ಯಾವ ಆಸ್ಪತ್ರೆಗೆ ಹೋದ್ರೂ ಏನು ಕೇಳ್ಬೇಕು ಅಂತ ಗೊತ್ತಿರ್ಲಿ ಅಂತ ಬರೀತಿದೀನಿ.

ದೊಡ್ಡಮ್ಮ ಇರೋದು ಡೊಂಬಿವಲಿಯಲ್ಲಿ, 58 ವರ್ಷ, ಬಿಪಿ ಮೊದಲಿಂದ್ಲೂ ಇತ್ತು. ಬೆಳಿಗ್ಗೆ ದೋಸೆ ಹುಯ್ತಾ ಇದ್ದೋರು ತಲೆ ಹಿಡ್ಕೊಂಡು ಕೂತ್ಬಿಟ್ರು, ಇಂಥ ನೋವು ಹುಟ್ಟಿದಾಗಿಂದ ಬಂದಿಲ್ಲ ಅಂದ್ರು, ಎರಡು ಸಲ ವಾಂತಿ, ಕುತ್ತಿಗೆ ಬಗ್ಗಿಸೋಕೇ ಆಗ್ತಿಲ್ಲ. ಹತ್ತಿರದ ನರ್ಸಿಂಗ್ ಹೋಮಲ್ಲಿ ಮೈಗ್ರೇನ್ ಅಂತ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದ್ರು. ಅದು ನಂಗೆ ಇವತ್ತಿಗೂ ಸಂಕಟ. ಸಿಡಿಲು ಹೊಡೆದ ಹಾಗೆ ಒಮ್ಮೆಲೇ ಬರೋ ತಲೆನೋವಿಗೆ ಮೊದ್ಲು ಸಿಟಿ ಸ್ಕ್ಯಾನ್ ಆಗ್ಬೇಕು, ದಯವಿಟ್ಟು ಇದೊಂದು ನೆನಪಿಟ್ಕೊಳಿ. ಸಂಜೆ ಸ್ಕ್ಯಾನ್ ಮಾಡಿಸಿದ್ರೆ ಮಿದುಳಿನ ಸುತ್ತ ರಕ್ತ, ರಾತ್ರಿನೇ ಆಂಬುಲೆನ್ಸಲ್ಲಿ ಮುಂಬೈಗೆ.

ಆಂಜಿಯೋಗ್ರಾಮಲ್ಲಿ ಗೊತ್ತಾಯ್ತು, ಬಲಗಡೆ ರಕ್ತನಾಳ ಕವಲೊಡೆಯೋ ಜಾಗದಲ್ಲಿ ಉಬ್ಬಿದ್ದು ಒಡೆದಿದೆ, ಎಡಗಡೆ ಸರಿಯಾಗಿ ಅದೇ ಜಾಗದಲ್ಲಿ ಇನ್ನೊಂದು, ಅದು ಒಡೆದಿಲ್ಲ. ಹೆಚ್ಚುಕಮ್ಮಿ ಐದು ಜನ ಪೇಷಂಟಲ್ಲಿ ಒಬ್ರಿಗೆ ಹೀಗೆ ಒಂದಕ್ಕಿಂತ ಜಾಸ್ತಿ ಇರುತ್ತಂತೆ. ದೊಡ್ಡಪ್ಪ ಕೈಮುಗಿದು ಕೇಳಿದ್ದು ಒಂದೇ, ಡಾಕ್ಟರ್‌ಸಾಹೇಬ್, ಒಂದೇ ಸಲ ತೆರೆದು ಎರಡನ್ನೂ ಮುಗಿಸ್ಬಿಡಿ, ಇವಳಿಗೆ ಎರಡೆರಡು ಸಲ ಬೇಡ.

ಈ ವಿಭಾಗಕ್ಕೆ ನಾನು ನಾಲ್ಕು ಸ್ಟಾರ್ ಕೊಟ್ಟಿದ್ದು ಆಮೇಲಿನ ಅರ್ಧ ಗಂಟೆಗೆ. ರಾತ್ರಿ ಹನ್ನೊಂದೂವರೆ ಆಗಿತ್ತು, ಸರ್ಜನ್ ನಮ್ಮನ್ನ ಸ್ಕ್ರೀನ್ ಮುಂದೆ ಕೂರಿಸ್ಕೊಂಡು ಪೆನ್ನಲ್ಲಿ ತೋರಿಸಿ ತೋರಿಸಿ ಹೇಳಿದ್ರು. ಒಂದೇ ಕಡೆಯಿಂದ ಹೋಗಿ ಎರಡೂ ಕಡೆಯದಕ್ಕೆ ಕ್ಲಿಪ್ (ಉಬ್ಬಿನೊಳಗೆ ರಕ್ತ ಹೋಗದ ಹಾಗೆ ಅದರ ಕತ್ತಿಗೆ ಹೊರಗಿಂದ ಸಿಕ್ಕಿಸೋ ಪುಟ್ಟ ಲೋಹದ ಚಿಮುಟ) ಹಾಕೋದು ಇದೆ, ಮಿದುಳಿನ ಮುಂಭಾಗದ ಅಡಿಯಿಂದ, ಕಣ್ಣಿನ ನರಗಳು ಸೇರೋ ಜಾಗ ದಾಟಿ ಆಚೆ ಕಡೆ ತಲುಪ್ತಾರೆ. ಆದ್ರೆ ಅದಕ್ಕೆ ಆಚೆಕಡೆ ನಾಳ ಗಿಡ್ಡ ಇರ್ಬೇಕು, ಉಬ್ಬು ಮುಂದಕ್ಕೋ ಕೆಳಕ್ಕೋ ಮುಖ ಮಾಡಿರ್ಬೇಕು, ಒಡೆದಿರಬಾರ್ದು, ಮಿದುಳಲ್ಲಿ ಊತ ಇರಬಾರ್ದು. ದೊಡ್ಡಮ್ಮನ ಎಡಗಡೆ ನಾಳ ಉದ್ದ, ಉಬ್ಬು ಪಕ್ಕಕ್ಕೆ ತಿರುಗಿದೆ, ರಕ್ತಸ್ರಾವ ಆಗಿ ಮಿದುಳು ಬೇರೆ ಊದ್ಕೊಂಡಿದೆ, ಅಷ್ಟು ದೂರ ಎಳೆದು ಸರಿಸಿದ್ರೆ ಮಿದುಳಿಗೇ ಏಟು, ವಾಸನೆಯ ನರಕ್ಕೂ ಪೆಟ್ಟು ಬೀಳಬಹುದು. ಹಾಗಾಗಿ ಈಗ ಒಡೆದಿರೋದು ಮಾತ್ರ, ಇನ್ನೊಂದು ಚೇತರಿಸ್ಕೊಂಡ ಮೇಲೆ ಅಂದ್ರು. ಕಾಯಿಲ್ ಆಗಲ್ವಾ ಅಂತ ನಾನು ಕೇಳ್ದೆ, ಅಂದ್ರೆ ತೊಡೆಯ ನಾಳದಿಂದ ತಂತಿ ಬಿಟ್ಟು ಒಳಗಿಂದ ತುಂಬೋದು, ತಲೆ ತೆರೆಯೋದೇ ಬೇಡ. ಕಾಯಿಲ್ ಹಾಕೋ ಡಾಕ್ಟ್ರನ್ನೇ ಕರೆಸಿದ್ರು. ಅವ್ರೇ ಬಂದು ಉಬ್ಬಿನ ಕತ್ತು ಅಗಲ ಇದೆ, ಎರಡು ಕವಲು ಅಲ್ಲಿಂದ್ಲೇ ಹೊರಡ್ತಿವೆ, ಇವ್ರಿಗೆ ಕ್ಲಿಪ್ಪೇ ಒಳ್ಳೇದು ಅಂದ್ರು. ತನ್ನ ಕೈಲಿರೋ ಕೆಲಸ ಬೇಡ ಅಂತ ಒಬ್ಬ ಡಾಕ್ಟ್ರು ಹೇಳಿದ್ಮೇಲೆ ದೊಡ್ಡಪ್ಪ ಸಹಿ ಹಾಕಿದ್ರು. ಎರಡೂ ಬಲ್ಲೋರು ಒಂದೇ ಕಡೆ ಇರೋ ಆಸ್ಪತ್ರೆಯನ್ನೇ ಹುಡುಕಿ ಅನ್ನೋದು ಅದಕ್ಕೆ.

ಅನ್ಯೂರಿಸಂಗೆ ಮೊದಲ ಕ್ಲಿಪ್ ಬಿದ್ದಿದ್ದು 1937ರಲ್ಲಿ ಅಮೆರಿಕದಲ್ಲಿ, ವಾಲ್ಟರ್ ಡ್ಯಾಂಡಿ ಅನ್ನೋರ ಕೈಲಿ. ಅವತ್ತು ಓಟಿ ಹೊರಗೆ ಕೂತು ಫೋನಲ್ಲಿ ಇದನ್ನೆಲ್ಲ ಓದ್ತಾ ಇದ್ದೆ, ಸ್ವಲ್ಪ ಧೈರ್ಯ ಬಂತು.

ಆಪರೇಷನ್ ಚೆನ್ನಾಗಾಯ್ತು ಅಂದ್ರೂ ಮುಗೀಲಿಲ್ಲ, ನಾಲ್ಕನೇ ದಿನದಿಂದ ಹದಿನಾಲ್ಕರವರೆಗೆ ಮಿದುಳಿನ ನಾಳಗಳು ಬಿಗಿದುಕೊಳ್ಳೋ ಅಪಾಯ ಇರುತ್ತೆ. ಅದಕ್ಕೆ ಅಂತ ನಿಮೋಡಿಪಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ, 21 ದಿನ, ರಾತ್ರಿನೂ. ಐಸಿಯು ಸಿಸ್ಟರ್‌ಗಳು ಒಂದು ಡೋಸೂ ತಪ್ಪಿಸ್ಲಿಲ್ಲ. ಅವ್ರಲ್ಲೊಬ್ರು ಕುಂದಾಪುರದೋರು, ಅಮ್ಮ ಕೈ ಎತ್ತಿ ಕಾಂಬ ಅಂತ ಅವ್ರು ಹೇಳಿದ್ರೆ ಮಾತ್ರ ದೊಡ್ಡಮ್ಮ ಕಣ್ಣು ಬಿಡ್ತಿದ್ರು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಬಿಲ್ಲಿಂಗಿಗೆ. ಡಿಸ್ಚಾರ್ಜ್ ಅಂದ ದಿನ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಿದ್ದು ರಾತ್ರಿ ಎಂಟಕ್ಕೆ ಮುಗೀತು. ಐಸಿಯು ಹೊರಗೆ ಮನೆಯೋರಿಗೆ ಮಲಗೋಕೆ ಜಾಗ ಇಲ್ಲ, 65 ವರ್ಷದ ದೊಡ್ಡಪ್ಪ ಕುರ್ಚಿ ಮೇಲೆ ರಾತ್ರಿ ಕಳೆದ್ರು. ಇನ್ನೊಂದು, ಮಹಾರಾಷ್ಟ್ರದ ಟ್ರಸ್ಟ್ ಆಸ್ಪತ್ರೆಗಳಲ್ಲಿ ನೂರಕ್ಕೆ 10 ಬೆಡ್ ತೀರಾ ಬಡವರಿಗೆ ಉಚಿತ, ಇನ್ನೂ 10 ರಿಯಾಯಿತಿ ದರದಲ್ಲಿ ಕೊಡ್ಬೇಕು ಅಂತ ನಿಯಮ ಇದೆ, ಅದನ್ನ ಕೌಂಟರಲ್ಲಿ ಯಾರೂ ತಾವಾಗಿ ಹೇಳಲ್ಲ, ನೀವೇ ಸೋಷಿಯಲ್ ವರ್ಕರ್ ಹತ್ರ ಹೋಗಿ ಕೇಳಿ.

ಮೂರು ತಿಂಗಳಾದ್ಮೇಲೆ ಎಡಗಡೆ. ಹೆಚ್ಚಿನೋರಿಗೆ ಮಾತು ಇರೋದು ಎಡಗಡೆ, ಅದಕ್ಕೂ ಅಪಾಯ ಇದೆ ಅಂತ ಮೊದಲೇ ಮುಚ್ಚಿಡದೆ ಹೇಳಿದ್ರು, ಅವತ್ತು ನಾವ್ಯಾರೂ ಊಟ ಮಾಡ್ಲಿಲ್ಲ. ಸಂಜೆ ಒಳಗೆ ಬಿಟ್ರು. ದೊಡ್ಡಮ್ಮ ದೊಡ್ಡಪ್ಪನ್ನ ನೋಡಿ, ನೀವು ಬಿಪಿ ಮಾತ್ರೆ ತಗೊಂಡ್ರಾ ಅಂದ್ರು.